ಮಳೆ ಸದ್ದಿನ ಮನೆಗೆ ಯಾವ ಮೈಕ್ ತರಬೇಕು?

ತೀರ್ಥಹಳ್ಳಿ, ಹೊಸನಗರ ಕಡೆ ಜುಲೈ ತಿಂಗಳಲ್ಲಿ ಮನೆಯಲ್ಲೇ ಕೂತು ಮಾಡಿದ ಪಾಡ್‌ಕಾಸ್ಟ್ ಕೇಳಿ ನೋಡಿ. ಮಾತಿಗಿಂತ ತಗಡಿನ ಮೇಲೆ ಬೀಳುವ ಮಳೆಯೇ ಜಾಸ್ತಿ. ಮೈಕಿಗೆ ದುಡ್ಡು ಕಡಿಮೆ ಆಯ್ತು ಅಂತೇನಿಲ್ಲ, ಆ ಮನೆಗೆ ಆ ಜಾತಿಯ ಮೈಕ್ ಹೊಂದುವುದಿಲ್ಲ.

ಮೊದಲು ಕೋಣೆ ನೋಡಿ. ಒಂದು ನಿಮಿಷ ಸುಮ್ನೆ ಕೂತು ಫೋನಿನಲ್ಲಿ ರೆಕಾರ್ಡ್ ಮಾಡಿ, ಇಯರ್‌ಫೋನ್ ಹಾಕಿ ಕೇಳಿ. ಜೀರುಂಡೆ, ಫ್ಯಾನು, ಇನ್ವರ್ಟರಿನ ಗುಂಯ್ ಎಲ್ಲ ಗೊತ್ತಾಗುತ್ತದೆ.

ಆಮೇಲೆ ಮೈಕಿನ ಎರಡು ಮುಖ್ಯ ಜಾತಿಗಳಲ್ಲಿ ಡೈನಾಮಿಕ್ಕೋ, ಕಂಡೆನ್ಸರೋ ತೀರ್ಮಾನಿಸಿ. ಎಲ್ಲರೂ ಎಡವುವುದು ಇಲ್ಲೇ. ಕಂಡೆನ್ಸರಿನ ಒಳಗಿನ ಪರದೆ ತೀರಾ ಹಗುರ, ಸಣ್ಣ ಸದ್ದಿಗೂ ಅಲುಗುತ್ತದೆ. ಸ್ಟುಡಿಯೋದಲ್ಲಿ ಚಂದ, ನಮ್ಮ ಜಗಲಿಯಲ್ಲಿ ಕಷ್ಟ. ಜೊತೆಗೆ ಥಂಡಿ ಕೂತರೆ ಚಟಪಟ ಅನ್ನಲು ಶುರು ಮಾಡುತ್ತದೆ. ಡೈನಾಮಿಕ್‌ನಲ್ಲಿ ಪರದೆಗೆ ತಂತಿಯ ಸುರುಳಿ ಅಂಟಿರುತ್ತದೆ, ಅದು ಅಯಸ್ಕಾಂತದ ನಡುವೆ ಅಲುಗಾಡಿದರೆ ಕರೆಂಟ್ ಹುಟ್ಟುತ್ತದೆ. ಗಟ್ಟಿಮುಟ್ಟು. ಮಲೆನಾಡಿಗೆ ನನ್ನ ಓಟು ಇದಕ್ಕೇ.

ಆದರೆ ‘ಡೈನಾಮಿಕ್ ಮಳೆ ಸದ್ದನ್ನು ತಡೆಯುತ್ತೆ’ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ತಡೆಯುವುದು ನಿಮ್ಮ ಬಾಯಿಗೂ ಮೈಕಿಗೂ ಇರುವ ದೂರ. ಆ ದೂರ ಅರ್ಧವಾದರೆ ನಿಮ್ಮ ದನಿ ಸುಮಾರು 6 ಡೆಸಿಬಲ್ ಏರುತ್ತದೆ, ಮಳೆ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ, ಆಗ ನೀವು ಗೇನ್, ಅಂದರೆ ಮೈಕಿನ ಸದ್ದನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಪ್ರಮಾಣ, ಇಳಿಸಬಹುದು, ಗೇನ್ ಇಳಿದರೆ ಮಳೆಯೂ ಇಳಿಯಿತು. ನಾಲ್ಕು ಬೆರಳು ದೂರ ಸಾಕು. ಡೈನಾಮಿಕ್ ಇಷ್ಟು ಹತ್ತಿರ ಬಂದು ಮಾತಾಡಲೆಂದೇ ಇರುವ ಮೈಕು. ಸ್ವಲ್ಪ ಓರೆಯಾಗಿ ಹಿಡಿಯಿರಿ, ಇಲ್ಲದಿದ್ದರೆ ಪ, ಬ ಬಂದಾಗಲೆಲ್ಲ ಫಟ್ ಅಂತ ಗಾಳಿ ಹೊಡೆಯುತ್ತದೆ. ಕಾರ್ಡಿಯಾಯ್ಡ್ ಅಂತ ಬರೆದಿದ್ದರೆ ಅದಕ್ಕೆ ಹಿಂದಿನ ಸದ್ದು ಕಡಿಮೆ ಕೇಳಿಸುತ್ತದೆ, ಹಾಗಾಗಿ ಮೈಕಿನ ಬೆನ್ನು ಕಿಟಕಿ ಕಡೆಗಿರಲಿ. ಮುಖ ಯಾವುದು ಅಂತಲೂ ನೋಡಿಕೊಳ್ಳಿ. ಬ್ಲೂ ಯೇಟಿಯಂಥವಕ್ಕೆ ಪಕ್ಕದಿಂದ ಮಾತಾಡಬೇಕು, ಜನ ನೆತ್ತಿಗೆ ಬಾಯಿಟ್ಟು ಮಾತಾಡುತ್ತಾರೆ!

ಕೇಬಲ್ ಯುಎಸ್‌ಬಿ ಇರಲಿ. ಸ್ಯಾಮ್ಸನ್ ಕ್ಯೂ2ಯು, ಆಡಿಯೋ-ಟೆಕ್ನಿಕಾ ಎಟಿಆರ್2100ಎಕ್ಸ್ ಎರಡೂ ಡೈನಾಮಿಕ್, ಎರಡರಲ್ಲೂ ಯುಎಸ್‌ಬಿ ಜೊತೆಗೆ ಎಕ್ಸ್‌ಎಲ್‌ಆರ್ (ಸ್ಟುಡಿಯೋ ಮೈಕುಗಳ ಮೂರು ಪಿನ್ನಿನ ಕೇಬಲ್) ಹಾಕುವ ಜಾಗ ಕೂಡ ಇದೆ. ಮುಂದೆ ಇಂಟರ್‌ಫೇಸ್, ಅಂದರೆ ಅಂಥ ಕೇಬಲನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ, ಕೊಂಡರೂ ಮೈಕ್ ಬದಲಿಸಬೇಕಿಲ್ಲ. ಸ್ಟ್ಯಾಂಡು, ಸ್ಪಂಜು ಎಲ್ಲ ಸೇರಿಸಿ ಮಾರುವ ಅಗ್ಗದ ಕಂಡೆನ್ಸರ್ ಕಿಟ್ ಮಾತ್ರ ಬೇಡ. ಅಂಥ ಮೈಕುಗಳು ಸರಿಯಾಗಿ ಕೆಲಸ ಮಾಡಲು ಸಾಮಾನ್ಯವಾಗಿ 48 ವೋಲ್ಟಿನ ಫ್ಯಾಂಟಮ್ ಪವರ್ (ಕೇಬಲ್ಲಿನಲ್ಲೇ ಮೈಕಿಗೆ ಹೋಗುವ ಕರೆಂಟ್) ಬೇಕು, ಲ್ಯಾಪ್‌ಟಾಪಿನ ಇಯರ್‌ಫೋನ್ ತೂತಿಗೆ ಚುಚ್ಚಿದರೆ ಬರೀ ಸುಯ್ ಅನ್ನುತ್ತದೆ. ಇನ್ನು ಯೂಟ್ಯೂಬಿನಲ್ಲಿ ಎಲ್ಲರ ಮುಂದೆ ಇರುತ್ತಲ್ಲ, ಆ ಶೂರ್ ಎಸ್‌ಎಂ7ಬಿ? ಅದಕ್ಕೆ ಸುಮಾರು 60 ಡೆಸಿಬಲ್ ಗೇನ್ ಕೊಡುವ ಇಂಟರ್‌ಫೇಸ್ ಬೇಕು. ಮೊದಲ ಮೈಕಿಗೇ ಅಷ್ಟು ಖರ್ಚು ಯಾಕೆ ಅಲ್ವಾ?

ಅಡಿಕೆ ತೋಟದಲ್ಲಿ ಓಡಾಡುತ್ತಾ ಅಜ್ಜನನ್ನು ಮಾತಾಡಿಸಬೇಕು ಅನ್ನುವವರಿಗೆ ಕಾಲರ್ ಮೈಕೇ ಸರಿ. ಅದರಲ್ಲಿ ಹೆಚ್ಚಿನವು ಸುತ್ತಲಿನ ಸದ್ದನ್ನೆಲ್ಲ ಎಳೆದುಕೊಳ್ಳುತ್ತವೆ, ಮಳೆ ನಿಂತ ಮೇಲೆ ಹೋಗಿ.

ಕೆಲಸ ಮುಗಿದ ಮೇಲೆ ಮೈಕನ್ನು ಮೇಜಿನ ಮೇಲೆ ಬಿಡಬೇಡಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಿ. ಸ್ಪಂಜಿಗೆ ಬೂಷ್ಟು ಹಿಡಿದಿದ್ದರೆ ತೊಳೆಯಲು ಹೋಗಬೇಡಿ, ಬಿಸಾಕಿ ಹೊಸದು ಹಾಕಿ.