ಹತ್ತು ಮೀಟರ್ ಏರ್ ಪಿಸ್ತೂಲಿಗೆ ಪೆಲೆಟ್ ಆರಿಸಿಕೊಳ್ಳುವ ಕ್ರಮ

ಮೈಸೂರು, ಮಂಡ್ಯ ಕಡೆ ಪಿಸ್ತೂಲ್ ಶೂಟಿಂಗ್ ಕಲಿಯಲು ಹೊಸದಾಗಿ ಬರುವವರಲ್ಲಿ ಅನೇಕರು ವಿದೇಶದ ವಿಡಿಯೊಗಳನ್ನು ನೋಡಿಕೊಂಡೇ ಬರುತ್ತಾರೆ. ಅಲ್ಲಿನ ಸ್ಪರ್ಧಿಗಳು ಮನೆಯಲ್ಲೇ ಕುಳಿತು ಖಾಲಿ ತೋಟಾಗಳಿಗೆ ಮತ್ತೆ ಮದ್ದು ತುಂಬಿ, ತಮ್ಮ ಪಿಸ್ತೂಲಿಗೆ ಹೊಂದುವ ಗುಂಡನ್ನು ತಾವೇ ಸಿದ್ಧಪಡಿಸಿಕೊಳ್ಳುವುದನ್ನು ಕಂಡು, ಇಲ್ಲಿಯೂ ಅದನ್ನು ಕಲಿಯಬಹುದೇ ಎಂದು ಕೇಳುತ್ತಾರೆ. ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸಲು 1959ರ ಶಸ್ತ್ರಾಸ್ತ್ರ ಕಾಯ್ದೆ ಅವಕಾಶ ಕೊಡುವುದಿಲ್ಲವಾದ್ದರಿಂದ ಆ ಮಾತನ್ನು ಅಲ್ಲಿಗೇ ಬಿಡಬೇಕು. ಆದರೆ ಆ ಕೆಲಸದ ಹಿಂದಿರುವ ಉದ್ದೇಶ, ಅಂದರೆ ಒಂದು ಗುಂಡು ಹೋದ ಜಾಗಕ್ಕೇ ಮುಂದಿನದೂ ಹೋಗುವಂತೆ ನೋಡಿಕೊಳ್ಳುವುದು, 10 ಮೀಟರ್ ಏರ್ ಪಿಸ್ತೂಲಿನಲ್ಲಿ ಗಾಳಿಯ ಒತ್ತಡದಿಂದ ಹಾರುವ ಪುಟ್ಟ ಸೀಸದ ಗುಂಡುಗಳಾದ ಪೆಲೆಟ್‌ಗಳ ಆಯ್ಕೆಯಿಂದಲೇ ಬಹುಮಟ್ಟಿಗೆ ಈಡೇರುತ್ತದೆ. 4.5 ಮಿ.ಮೀ. ಕೊಳವೆಯ, 20 ಜೂಲ್ ಮೀರದ ಏರ್ ಗನ್ನುಗಳಿಗೆ 2016ರ ಶಸ್ತ್ರಾಸ್ತ್ರ ನಿಯಮಗಳು ಪರವಾನಗಿ ಕೇಳುವುದಿಲ್ಲ. ಸ್ಪರ್ಧೆಯ ಏರ್ ಪಿಸ್ತೂಲಿನ ಶಕ್ತಿ ಸುಮಾರು 6 ಜೂಲ್ ಮಾತ್ರ.

ಆಯ್ಕೆಗೆ ಇಳಿಯುವ ಮುನ್ನ ಅದು ನಿಮಗೆ ಈಗ ಬೇಕೇ ಎಂಬುದನ್ನು ಲೆಕ್ಕ ಹಾಕಿ ತಿಳಿದುಕೊಳ್ಳುವುದು ಒಳ್ಳೆಯದು. ಟಾರ್ಗೆಟ್ಟಿನ ಹತ್ತರ ವೃತ್ತದ ವ್ಯಾಸ 11.5 ಮಿ.ಮೀ. ಪೆಲೆಟ್ಟಿನ ಅಂಚು ಆ ಗೆರೆಯನ್ನು ಮುಟ್ಟಿದರೂ ಹತ್ತು ಅಂಕ ಸಿಗುವುದರಿಂದ, ಪೆಲೆಟ್ಟಿನ ನಡುಬಿಂದು ಟಾರ್ಗೆಟ್ಟಿನ ನಡುಬಿಂದುವಿನಿಂದ 8 ಮಿ.ಮೀ. ಒಳಗಿದ್ದರೆ ಸಾಕು, ಅಂದರೆ 16 ಮಿ.ಮೀ. ಅಗಲದ ಜಾಗ ನಿಮಗಿದೆ. ಈಗ ಕೈಯ ಅಲುಗಾಟದಿಂದ ನಿಮ್ಮ ಹೊಡೆತಗಳು 40 ಮಿ.ಮೀ. ಹರಡುತ್ತಿವೆ ಎಂದೂ, ಪೆಲೆಟ್ ತಾನಾಗಿ 6 ಮಿ.ಮೀ. ಹರಡುತ್ತದೆ ಎಂದೂ ಇಟ್ಟುಕೊಳ್ಳೋಣ. ಇವೆರಡನ್ನೂ ನೇರವಾಗಿ ಕೂಡಿಸುವಂತಿಲ್ಲ; ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು. ಹಾಗೆ ತೆಗೆದರೆ ಒಟ್ಟು ಹರವು 40.4 ಮಿ.ಮೀ. ಆಗುತ್ತದೆ, ಪೆಲೆಟ್ಟಿನ ಪಾಲು ಅರ್ಧ ಮಿ.ಮೀ.ಗಿಂತಲೂ ಕಡಿಮೆ. ಆದ್ದರಿಂದ ಕಪ್ಪು ವೃತ್ತದೊಳಗೆ ಹೊಡೆತಗಳನ್ನು ನಿಲ್ಲಿಸಲು ಇನ್ನೂ ಹೆಣಗುತ್ತಿರುವವರು ದುಬಾರಿ ಪೆಲೆಟ್ಟಿಗೆ ಹಣ ಸುರಿಯುವುದಕ್ಕಿಂತ ಆ ಹಣವನ್ನು ತರಬೇತಿಗೆ ಹಾಕುವುದೇ ಸರಿ. ಕೈಯ ಹರವು 16 ಮಿ.ಮೀ.ಗೆ ಇಳಿದವರ ಸಂಗತಿ ಬೇರೆ. ಅವರಿಗೆ ಅದೇ 6 ಮಿ.ಮೀ. ಹರಡುವ ಪೆಲೆಟ್ ಒಟ್ಟು ಹರವನ್ನು 17 ದಾಟಿಸಿ ಹತ್ತನ್ನು ಒಂಬತ್ತು ಮಾಡಿಬಿಡುತ್ತದೆ, 3 ಮಿ.ಮೀ. ಹರಡುವ ಪೆಲೆಟ್ಟಾದರೆ 16.3ರಲ್ಲೇ ನಿಲ್ಲಿಸುತ್ತದೆ.

ಫೈನಲ್ ತಲುಪುವವರಿಗೆ ಈ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಏರ್ ಪಿಸ್ತೂಲಿನ ಅರ್ಹತಾ ಸುತ್ತಿನಲ್ಲಿ ಪೂರ್ಣಾಂಕಗಳನ್ನಷ್ಟೇ ಎಣಿಸಿದರೂ ಫೈನಲಿನಲ್ಲಿ ದಶಮಾಂಶ ಎಣಿಕೆ ಬರುತ್ತದೆ, ಮತ್ತು ಅಲ್ಲಿ 0.1 ಅಂಕವೆಂದರೆ 0.8 ಮಿ.ಮೀ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಅವರಿಗೆ ಬೆಳ್ಳಿಯ ಪೈಪೋಟಿ ಕೈತಪ್ಪಿ ಕಂಚು ಬಂದದ್ದು ಇದೇ 0.1 ಅಂಕದ ಅಂತರದಲ್ಲಿ.

ಪೆಲೆಟ್ಟನ್ನು ಕೈಗೆತ್ತಿಕೊಂಡು ನೋಡಿದರೆ ಅದರಲ್ಲಿ ಮೂರು ಭಾಗಗಳು ಕಾಣುತ್ತವೆ: ಚಪ್ಪಟೆಯಾದ ತಲೆ, ಒಳಸೇರಿದ ಸೊಂಟ, ಹಿಂದಕ್ಕೆ ಅಗಲವಾಗಿ ತೆರೆದುಕೊಳ್ಳುವ ತೆಳುವಾದ ಸ್ಕರ್ಟ್. ಚಪ್ಪಟೆ ತಲೆ ಕಾಗದದಲ್ಲಿ ದುಂಡಾದ, ಅಚ್ಚುಕಟ್ಟಾದ ತೂತು ಕೊರೆಯುವುದರಿಂದ ಅಂಕ ಎಣಿಸುವುದು ಸುಲಭವಾಗುತ್ತದೆ. ಬೇಟೆಗೆಂದು ಮಾಡಿದ ಚೂಪು ತಲೆಯ ಪೆಲೆಟ್ ಕಾಗದವನ್ನು ಹರಿಯುತ್ತದೆಯೇ ಹೊರತು ಕೊರೆಯುವುದಿಲ್ಲ. ಗಾಳಿಯ ಒತ್ತಡಕ್ಕೆ ಸ್ಕರ್ಟ್ ಹಿಗ್ಗಿ ಬ್ಯಾರೆಲ್ಲಿನ ಒಳಗೋಡೆಗೆ ಒತ್ತಿಕೊಂಡಾಗಲೇ ಗಾಳಿ ಸೋರದೆ ಪೆಲೆಟ್ ಮುಂದಕ್ಕೆ ನೂಕಲ್ಪಡುತ್ತದೆ. ಹೀಗಾಗಿ ಸ್ಕರ್ಟಿನ ಅಂಚಿನಲ್ಲಿ ಸಣ್ಣ ನೆಗ್ಗು ಇದ್ದರೂ ಗಾಳಿ ಒಂದು ಬದಿಯಿಂದ ಹೆಚ್ಚು ಸೋರಿ, ಪೆಲೆಟ್ ಬ್ಯಾರೆಲ್ ಬಿಡುವಾಗ ವಾಲುತ್ತದೆ. ಸ್ಪರ್ಧೆಯ ಡಬ್ಬಿಗಳ ಮೇಲೆ 4.49, 4.50, 4.51 ಎಂದು ಮುದ್ರಿಸಿರುವುದು ತಲೆಯ ವ್ಯಾಸ. ನಿಮ್ಮ ಬ್ಯಾರೆಲ್ಲಿಗೆ ಇವುಗಳಲ್ಲಿ ಯಾವುದು ಒಗ್ಗುತ್ತದೆ ಎಂಬುದನ್ನು ಹೊಡೆದು ನೋಡದೆ ಹೇಳಲು ಬರುವುದಿಲ್ಲ, ನೆರೆಯವರ ಅದೇ ಮಾದರಿಯ ಪಿಸ್ತೂಲಿಗೆ ಒಗ್ಗಿದ್ದು ನಿಮ್ಮದಕ್ಕೂ ಒಗ್ಗಬೇಕೆಂಬ ನಿಯಮವಿಲ್ಲ.

ತೂಕದ ವಿಷಯದಲ್ಲಿ ಜನ ಅನಗತ್ಯವಾಗಿ ತಲೆ ಕೆಡಿಸಿಕೊಳ್ಳುತ್ತಾರೆ. ಆರ್‌ಡಬ್ಲ್ಯುಎಸ್ ಕಂಪನಿಯ ಆರ್10 ಪೆಲೆಟ್ ಪಿಸ್ತೂಲಿಗಾಗಿ 0.45 ಗ್ರಾಂ ತೂಕದಲ್ಲೂ, ಭಾರದ ಬಗೆಯಲ್ಲಿ 0.53 ಗ್ರಾಂ ತೂಕದಲ್ಲೂ ಬರುತ್ತದೆ. ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹೊರಟ ಪೆಲೆಟ್ 10 ಮೀಟರ್ ಕ್ರಮಿಸುವಷ್ಟರಲ್ಲಿ ಸುಮಾರು 22 ಮಿ.ಮೀ. ಕೆಳಗಿಳಿಯುತ್ತದೆ, ಪಿಸ್ತೂಲು ಕೊಡುವ ಶಕ್ತಿ ಒಂದೇ ಆಗಿದ್ದರೆ ತೂಕ ಎಷ್ಟು ಪಾಲು ಹೆಚ್ಚಿತೋ ಇಳಿತವೂ ಅಷ್ಟೇ ಪಾಲು ಹೆಚ್ಚುತ್ತದೆ. ಹಗುರದಿಂದ ಭಾರದ ಪೆಲೆಟ್ಟಿಗೆ ಬದಲಾದರೆ ಹೊಡೆತ ಸುಮಾರು 4 ಮಿ.ಮೀ. ಕೆಳಗೆ ಬೀಳುತ್ತದೆಯಾದ್ದರಿಂದ ಪಿಸ್ತೂಲಿನ ಸೈಟನ್ನು, ಅಂದರೆ ಗುರಿ ನೋಡುವ ಸಾಧನವನ್ನು, ಮತ್ತೆ ಹೊಂದಿಸಲೇಬೇಕು. ಆದರೆ ಒಂದೇ ಡಬ್ಬಿಯ ಎರಡು ಪೆಲೆಟ್‌ಗಳ ನಡುವಿನ 0.005 ಗ್ರಾಂ ವ್ಯತ್ಯಾಸ ತರುವ ಬದಲಾವಣೆ 0.2 ಮಿ.ಮೀ. ಆಸುಪಾಸು ಅಷ್ಟೇ. ಮೈಸೂರಿನ ಅಶೋಕ ರಸ್ತೆಯ ಚಿನ್ನದಂಗಡಿಗಳಲ್ಲಿ ಇರುವಂಥ ಮಿಲಿಗ್ರಾಂ ತಕ್ಕಡಿಯನ್ನು ಕೊಂಡು ರಾತ್ರಿಯೆಲ್ಲ ಪೆಲೆಟ್ ತೂಗುವುದು ನನ್ನ ಅಭಿಪ್ರಾಯದಲ್ಲಿ ಕಾಲಹರಣ. ಆ ಹೊತ್ತನ್ನು ಸ್ಕರ್ಟುಗಳನ್ನು ನೋಡುವುದಕ್ಕೆ ಬಳಸಿದರೆ ಹೆಚ್ಚು ಲಾಭವಿದೆ. ಬಿಳಿಯ ಬಟ್ಟೆಯ ಮೇಲೆ ಇಪ್ಪತ್ತೋ ಮೂವತ್ತೋ ಪೆಲೆಟ್‌ಗಳನ್ನು ತಲೆ ಕೆಳಗಾಗಿ ನಿಲ್ಲಿಸಿ, ಟೇಬಲ್ ಲ್ಯಾಂಪಿನ ಬೆಳಕು ಓರೆಯಾಗಿ ಬೀಳುವಂತೆ ಮಾಡಿ ಮೇಲಿನಿಂದ ನೋಡಿದರೆ, ಸರಿಯಾದ ಸ್ಕರ್ಟಿನ ಅಂಚು ಮುರಿಯದ ಬೆಳ್ಳಿಯ ಗೆರೆಯಾಗಿ ಕಾಣುತ್ತದೆ. ನೆಗ್ಗಿದ್ದರೆ ಆ ಗೆರೆ ಒಂದೆಡೆ ಕಪ್ಪಾಗಿ ತುಂಡಾಗುತ್ತದೆ, ಒಳಗೆ ಸೀಸದ ಎಳೆ ಅಂಟಿಕೊಂಡಿದ್ದರೆ ಅದೂ ಈ ಬೆಳಕಿನಲ್ಲಿ ಗೊತ್ತಾಗುತ್ತದೆ. ಅಂಥವನ್ನು ಬೇರೆ ಡಬ್ಬಿಗೆ ಹಾಕಿ ಟ್ರಿಗರ್ ಅಭ್ಯಾಸಕ್ಕೆ ಬಳಸಿಕೊಳ್ಳಬಹುದು.

ಇನ್ನು ಲಾಟ್ ಪರೀಕ್ಷೆ, ಅಂದರೆ ಕಾರ್ಖಾನೆಯಲ್ಲಿ ಒಂದೇ ಬಾರಿಗೆ ತಯಾರಾದ ಒಂದೊಂದು ಕಂತಿನ ಪೆಲೆಟ್ಟನ್ನೂ ಹೊಡೆದು ನೋಡುವುದು. ಒಂದೇ ಗದ್ದೆಯ ಕಬ್ಬಾದರೂ, ಒಂದೇ ಆಲೆಮನೆಯಾದರೂ, ಒಂದು ಕೊಪ್ಪರಿಗೆಯ ಬೆಲ್ಲ ಇನ್ನೊಂದರಂತೆ ಇರುವುದಿಲ್ಲ ಎಂಬುದು ಮಂಡ್ಯದವರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ, ಪೆಲೆಟ್‌ಗಳೂ ಹಾಗೆಯೇ. ಅಚ್ಚು ಸವೆದಂತೆ, ಬದಲಾದಂತೆ ಅಳತೆ ಕೂದಲೆಳೆಯಷ್ಟು ಸರಿಯುತ್ತದೆ. ಆದ್ದರಿಂದ ಬ್ರ್ಯಾಂಡಿನ ಹೆಸರಿಗಿಂತ ಡಬ್ಬಿಯ ಹಿಂಬದಿಯ ಲಾಟ್ ಸಂಖ್ಯೆಗೇ ಬೆಲೆ ಹೆಚ್ಚು. ಮೊದಲು ಮೂರು ನಾಲ್ಕು ಬೇರೆ ಬೇರೆ ಲಾಟ್‌ಗಳ ಒಂದೊಂದು ಡಬ್ಬಿಯನ್ನಷ್ಟೇ ಕೊಳ್ಳಿ, ಸಾಧ್ಯವಾದರೆ ಕ್ಲಬ್ಬಿನ ಗೆಳೆಯರೊಡನೆ ಹಂಚಿಕೊಂಡು.

ಪರೀಕ್ಷೆಗೆ ಜಾಗ ಬೇಕು. ಮೈಸೂರಿನ ಬಡಾವಣೆಗಳಲ್ಲಿ ಸಾಮಾನ್ಯವಾದ 30x40 ಅಡಿ ಸೈಟಿನ ಉದ್ದ 12 ಮೀಟರಿಗಿಂತ ಸ್ವಲ್ಪ ಹೆಚ್ಚು ಇರುವುದರಿಂದ, ಪೂರ್ತಿ ಉದ್ದಕ್ಕೂ ಕಟ್ಟಿದ ಮನೆಯಾದರೆ ತಾರಸಿಯಲ್ಲಿ 10 ಮೀಟರ್ ಹೇಗೋ ಸಿಗುತ್ತದೆ ಎಂದು ಹಲವರು ಯೋಚಿಸುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ತೆರೆದ ತಾರಸಿಯಲ್ಲಿ ಬೀಸುವ ಗಾಳಿ ಅರ್ಧ ಗ್ರಾಂ ತೂಕದ ಪೆಲೆಟ್ಟನ್ನು ಸರಿಸಿ ಪರೀಕ್ಷೆಯನ್ನೇ ಕೆಡಿಸುತ್ತದೆ, ಗುರಿ ತಪ್ಪಿದ್ದು ಪಕ್ಕದ ಮನೆಯವರ ಕಣ್ಣಿಗೆ ಅಪಾಯ. ವಾರದ ನಡುವೆ ಕ್ಲಬ್ಬಿನ ರೇಂಜ್ ಬಿಡುವಾಗಿರುವ ಹೊತ್ತನ್ನು ಕೋಚ್ ಅವರಿಂದ ಕೇಳಿ ಪಡೆದುಕೊಳ್ಳುವುದೇ ಉತ್ತಮ. ಅಲ್ಲಿ ಸೀಸ ಹಿಡಿಯುವ ಪೆಟ್ಟಿಗೆ, ಹಿಂಗೋಡೆ, ಬೆಳಕು ಎಲ್ಲವೂ ಇರುತ್ತವೆ. ಕಣ್ಣಿಗೆ ಕನ್ನಡಕ ಹಾಕಿಕೊಂಡಿರಬೇಕು, ಗುಂಡು ಹಾರಿಸದ ವೇಳೆಯಲ್ಲೆಲ್ಲ ಬ್ಯಾರೆಲ್ಲಿನಲ್ಲಿ ಸೇಫ್ಟಿ ಫ್ಲ್ಯಾಗ್ (ಪಿಸ್ತೂಲು ಖಾಲಿಯಿದೆ ಎಂದು ತೋರಿಸುವ ಬಣ್ಣದ ಎಳೆ) ಇರಬೇಕು.

ಕೈಯಲ್ಲಿ ಹಿಡಿದು ಹೊಡೆದರೆ ಪರೀಕ್ಷೆಯಾಗುವುದು ನಿಮ್ಮ ಕೈ, ಪೆಲೆಟ್ ಅಲ್ಲ. ಮರದ ಹಿಡಿಯನ್ನು ಬಿಚ್ಚಿ, ಪಿಸ್ತೂಲಿನ ಚೌಕಟ್ಟನ್ನು ಚರ್ಮ ಅಥವಾ ಮೆತ್ತನೆಯ ಮರದ ಪಟ್ಟಿಗಳ ನಡುವೆ ಇಟ್ಟು ವೈಸಿನಲ್ಲಿ (ಮೇಜಿಗೆ ಕೂರಿಸಿದ ಕಬ್ಬಿಣದ ಹಿಡಿಕೆಯಲ್ಲಿ) ಬಿಗಿಯಬೇಕು. ಬ್ಯಾರೆಲ್ಲನ್ನಾಗಲಿ ಗಾಳಿಯ ಸಿಲಿಂಡರನ್ನಾಗಲಿ ಎಂದಿಗೂ ಬಿಗಿಯಬಾರದು. ವೈಸಿನ ಮೇಜು ಅಲುಗಾಡಿದರೆ ಮಿಕ್ಕ ಶ್ರಮವೆಲ್ಲ ನೀರಿನಲ್ಲಿ ಹೋಮ. ವೈಸ್ ಸಿಗದಿದ್ದರೆ ಮರಳು ಚೀಲದ ಮೇಲೆ ಕೈ ಊರಿ ಹೊಡೆಯಬಹುದು, ಆದರೆ ಅದರಿಂದ ತೀರ ಕೆಟ್ಟ ಲಾಟನ್ನು ತಳ್ಳಿಹಾಕಬಹುದೇ ಹೊರತು ಒಳ್ಳೆಯ ಎರಡರಲ್ಲಿ ಮೇಲಾದುದನ್ನು ಗುರುತಿಸಲಾಗದು. ಸಿಲಿಂಡರಿನ ಒತ್ತಡ ತಯಾರಕರು ಹೇಳಿದ ಮಿತಿಯೊಳಗೆ ಇದೆಯೇ ಎಂದು ನೋಡಿ. ಒತ್ತಡ ತಳ ಮುಟ್ಟಿದ ಮೇಲೆ ಹೊಡೆದ ಗ್ರೂಪ್, ಅಂದರೆ ಒಂದು ಟಾರ್ಗೆಟ್ಟಿನ ಮೇಲಿನ ಹೊಡೆತಗಳ ಗುಂಪು, ಯಾವ ಪೆಲೆಟ್ಟಿನ ಬಗ್ಗೆಯೂ ಏನನ್ನೂ ಹೇಳುವುದಿಲ್ಲ.

ಬ್ಯಾರೆಲ್ಲಿಗೆ ಮೊದಲು ಎರಡು ಫೆಲ್ಟ್ ತುಣುಕುಗಳನ್ನು (ಶುಚಿಗೆಂದೇ ಬರುವ ಒತ್ತಿದ ಉಣ್ಣೆಯ ತುಂಡುಗಳನ್ನು) ಒಟ್ಟಿಗೆ ಹಾಕಿ ಹೊಡೆದು ಶುಚಿ ಮಾಡಿಕೊಳ್ಳಿ, ಎಣ್ಣೆ ಹಾಕುವ ಅಗತ್ಯವಿಲ್ಲ. ಲಾಟ್ ಬದಲಾಯಿಸಿದಾಗಲೆಲ್ಲ ಮೊದಲ ಹತ್ತು ಹದಿನೈದು ಹೊಡೆತಗಳನ್ನು ಲೆಕ್ಕಕ್ಕೆ ಹಿಡಿಯಬಾರದು, ಏಕೆಂದರೆ ಹಿಂದಿನ ಪೆಲೆಟ್ ಬಿಟ್ಟುಹೋದ ಸೀಸದ ಲೇಪದ ಮೇಲೆ ಹೊಸದು ತನ್ನ ಲೇಪವನ್ನು ಹೂಡುವವರೆಗೆ ಹೊಡೆತಗಳು ಒಂದೆಡೆ ನಿಲ್ಲುವುದಿಲ್ಲ. ಆಮೇಲೆ ಒಂದು ಟಾರ್ಗೆಟ್ಟಿಗೆ ಐದರಂತೆ, ಪ್ರತಿ ಲಾಟಿಗೂ ಕಡಮೆಯೆಂದರೆ ಐದು ಟಾರ್ಗೆಟ್ ಹೊಡೆಯಬೇಕು. ಐದೇ ಹೊಡೆತಗಳ ಒಂದು ಸುಂದರವಾದ ಗ್ರೂಪ್ ಕಂಡು ಹಿಗ್ಗಿ, ಅಂಗಡಿಗೆ ಫೋನ್ ಮಾಡಿ ಹತ್ತು ಡಬ್ಬಿ ಬುಕ್ ಮಾಡುವವರಿದ್ದಾರೆ. ಅದೃಷ್ಟಕ್ಕೆ ಬಂದ ಗ್ರೂಪು ಯಾವುದು, ಪೆಲೆಟ್ಟಿನ ಗುಣದಿಂದ ಬಂದದ್ದು ಯಾವುದು ಎಂಬುದು ಒಂದರಿಂದ ತಿಳಿಯದು. ಎಲ್ಲ ಲಾಟ್‌ಗಳನ್ನೂ ಒಂದು ಸುತ್ತು ಮುಗಿಸಿ, ಎರಡನೆಯ ಸುತ್ತಿನಲ್ಲಿ ಕ್ರಮವನ್ನು ತಿರುಗುಮುರುಗಾಗಿಸಿ ಹೊಡೆದರೆ ಹೊತ್ತು, ಒತ್ತಡ, ಆಯಾಸ ಇವುಗಳ ಪ್ರಭಾವ ಒಂದೇ ಲಾಟಿನ ಮೇಲೆ ಬೀಳುವುದು ತಪ್ಪುತ್ತದೆ.

ಪೆಲೆಟ್ಟನ್ನು ಒಳಗಿಡುವ ರೀತಿಯೂ ಪ್ರತಿ ಸಲ ಒಂದೇ ಆಗಿರಬೇಕು. ಹೆಬ್ಬೆರಳಿನಿಂದ ಸ್ಕರ್ಟನ್ನು ಬಲವಾಗಿ ಒತ್ತಿ ಸೊಟ್ಟ ಮಾಡದೆ, ಅದರ ಅಂಚು ಬ್ಯಾರೆಲ್ಲಿನ ಬಾಯಿಗೆ ಸಮವಾಗಿ ಕೂರುವಂತೆ ಸರಿಸಿ, ನಂತರ ಲಿವರ್ ಮುಚ್ಚಬೇಕು.

ಅಳೆಯಲು ಡಿಜಿಟಲ್ ಕ್ಯಾಲಿಪರ್ ಸಾಕು. ಗ್ರೂಪಿನ ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಅದೇ ಕಾಗದದಲ್ಲಿ ಬೇರೆಯಾಗಿ ಹೊಡೆದ ಒಂದೇ ಒಂದು ತೂತಿನ ಅಗಲವನ್ನು ಕಳೆದರೆ ನಡುವಿನಿಂದ ನಡುವಿಗೆ ಇರುವ ಅಂತರ ಸಿಗುತ್ತದೆ. ನೇರವಾಗಿ 4.5 ಕಳೆಯುವುದು ಸರಿಯಲ್ಲ, ಕಾಗದ ಸ್ವಲ್ಪ ಕುಗ್ಗುವುದರಿಂದ ತೂತು ಪೆಲೆಟ್ಟಿಗಿಂತ ತುಸು ಚಿಕ್ಕದಾಗಿಯೇ ಉಳಿಯುತ್ತದೆ. ಐದು ಗ್ರೂಪುಗಳ ಸರಾಸರಿಯ ಜೊತೆಗೆ ಅವುಗಳಲ್ಲಿ ಅತಿ ಕೆಟ್ಟದ್ದನ್ನೂ ಬರೆದಿಟ್ಟುಕೊಳ್ಳಿ. ಎರಡು ಲಾಟ್‌ಗಳ ಸರಾಸರಿ ಹತ್ತಿರಹತ್ತಿರ ಬಂದರೆ, ಕೆಟ್ಟ ಗ್ರೂಪು ಚಿಕ್ಕದಿರುವ ಲಾಟನ್ನೇ ನಾನು ಆರಿಸುತ್ತೇನೆ, ಏಕೆಂದರೆ ಸ್ಪರ್ಧೆಯಲ್ಲಿ ಅಂಕ ತಿನ್ನುವುದು ಬಳಗ ಬಿಟ್ಟು ಹೋಗುವ ಆ ಒಂದು ಪೆಲೆಟ್ಟು. ವಾಲ್ಥರ್, ಸ್ಟೈಯರ್, ಮೊರಿನಿಯಂಥ ಪಿಸ್ತೂಲುಗಳ ಜೊತೆಗೆ ಕಾರ್ಖಾನೆಯಲ್ಲೇ ಹೊಡೆದ ಪರೀಕ್ಷಾ ಟಾರ್ಗೆಟ್ ಬರುತ್ತದೆ. ನಿಮ್ಮ ಫಲಿತಾಂಶವನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಪಿಸ್ತೂಲು ಇನ್ನೂ ಸುಸ್ಥಿತಿಯಲ್ಲಿದೆಯೇ ಎಂಬುದೂ ತಿಳಿಯುತ್ತದೆ. ಯಾವ ಲಾಟಿನಲ್ಲೂ ಗ್ರೂಪು ಕೂಡದಿದ್ದರೆ ಪೆಲೆಟ್ಟನ್ನು ದೂರುವ ಮೊದಲು ಸೈಟಿನ ಸ್ಕ್ರೂ, ಬ್ಯಾರೆಲ್ಲಿನ ಬಿಗಿತ, ಒಳಗಿನ ರಬ್ಬರ್ ಸೀಲುಗಳನ್ನು ನೋಡಿಸಬೇಕು.

ಆರಿಸಿದ ಲಾಟನ್ನು ಒಟ್ಟಿಗೆ ಕೊಳ್ಳಬೇಕು, ಆದರೆ ಮಿತಿಯಲ್ಲಿ. ಅರ್ಹತಾ ಸುತ್ತಿಗೆ 75 ನಿಮಿಷದಲ್ಲಿ 60 ಹೊಡೆತ, ಅದಕ್ಕೂ ಮುನ್ನ 15 ನಿಮಿಷದ ತಯಾರಿಯ ವೇಳೆಯಲ್ಲಿ ಒಂದಷ್ಟು. ಒಂದು ಸ್ಪರ್ಧೆಗೆ 100 ಪೆಲೆಟ್ ಎಂದಿಟ್ಟುಕೊಂಡರೆ 500ರ ಒಂದು ಡಬ್ಬಿ ಐದು ಸ್ಪರ್ಧೆಗೆ ಬರುತ್ತದೆ. ಸ್ಪರ್ಧೆಗೆ ಮುನ್ನಿನ ವಾರಗಳ ಅಭ್ಯಾಸವೂ ಸೇರಿದರೆ ವರ್ಷಕ್ಕೆ ಆರೇಳು ಡಬ್ಬಿ ಸಾಕಾಗುತ್ತದೆ. ದಿನಾ ನೂರು ಹೊಡೆತದ ಅಭ್ಯಾಸಕ್ಕೆ ಅದೇ ತೂಕದ ಅಗ್ಗದ ಪೆಲೆಟ್ ಇಟ್ಟುಕೊಳ್ಳಿ. ಡಬ್ಬಿಯಲ್ಲಿ ಖಾಲಿ ಜಾಗವಾದಂತೆ ಮೇಲೆ ಸ್ಪಂಜಿನ ತುಂಡು ಇಡದೆ ಸ್ಕೂಟರಿನ ಡಿಕ್ಕಿಯಲ್ಲಿ ಕುಲುಕಿಕೊಂಡು ರೇಂಜಿಗೆ ಒಯ್ದರೆ, ಲ್ಯಾಂಪಿನ ಕೆಳಗೆ ಕೂತು ಆರಿಸಿದ್ದೆಲ್ಲ ವ್ಯರ್ಥ. ಮಳೆಗಾಲದಲ್ಲಿ ಡಬ್ಬಿಯನ್ನು ಗಾಳಿಯಾಡದ ಚೀಲದಲ್ಲಿಡಿ. ತೇವ ತಾಗಿ ಬಿಳಿ ಪುಡಿ ಕಟ್ಟಿದ ಪೆಲೆಟ್ಟನ್ನು ಒರೆಸಿ ಬಳಸುವ ಸಾಹಸ ಬೇಡ, ಆ ಪುಡಿ ವಿಷ.

ಸೀಸದ ವಿಷ ಮೈಗೆ ಸೇರುವುದು ಮುಖ್ಯವಾಗಿ ಕೈಯಿಂದ ಬಾಯಿಗೆ. ಪೆಲೆಟ್ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ತಿಂಡಿ, ಕಾಫಿ ಮುಟ್ಟಬಾರದು. ಪೆಲೆಟ್ಟನ್ನು ತುಟಿಗಳ ನಡುವೆ ಹಿಡಿದುಕೊಳ್ಳುವ ಅಭ್ಯಾಸವಿರುವ ಮಕ್ಕಳನ್ನು ಮೊದಲ ದಿನವೇ ತಿದ್ದಬೇಕು. ಟಾರ್ಗೆಟ್ಟಿನ ಸುತ್ತ ಬಿದ್ದ ಪುಡಿಯನ್ನು ಪೊರಕೆಯಿಂದ ಗುಡಿಸಿದರೆ ಅದು ಗಾಳಿಗೇರುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ವಾರಕ್ಕೊಂದು ಡಬ್ಬಿ ಖಾಲಿ ಮಾಡುವ ಒಬ್ಬ ಶೂಟರ್ ವರ್ಷಕ್ಕೆ ಸುಮಾರು 12ರಿಂದ 14 ಕಿಲೋ ಸೀಸವನ್ನು ಪೆಟ್ಟಿಗೆಯಲ್ಲಿ ಕೂಡಿಹಾಕುತ್ತಾನೆ. ಅದನ್ನು ಮನೆಯಲ್ಲಿ ಕರಗಿಸಲು ಹೋಗದೆ, ಬಾಯಿ ಕಟ್ಟಿದ ಗಟ್ಟಿ ಡಬ್ಬದಲ್ಲಿ ತುಂಬಿ, ಹಳೆಯ ಬ್ಯಾಟರಿಗಳ ಸೀಸವನ್ನು ಮರುಬಳಕೆಗೆ ಕೊಳ್ಳುವ ಅಧಿಕೃತ ವ್ಯಾಪಾರಿಗಳಿಗೆ ಕೊಡಬೇಕು. ಕ್ಲಬ್ಬಿನವರೆಲ್ಲರದ್ದನ್ನೂ ಸೇರಿಸಿ ಕೊಟ್ಟರೆ ಹೊಸ ಟಾರ್ಗೆಟ್ ಕಾಗದಕ್ಕೆ ಆಗುವಷ್ಟು ಹಣವಾದರೂ ಬಂದೀತು.