ಫೋರ್ ವೀಲ್ ಪಿಕಪ್‌ನ ಮುಂದಿನ ಕಡೆ ಸಪ್ಪಳ ಬರಾಕತ್ತೈತೇನು? ಹಿಂಗ ಹುಡುಕ್ರಿ

ನವಲಗುಂದ, ಅಣ್ಣಿಗೇರಿ ಕಡೆ ಮಳಿಗಾಲದಾಗ ಎರಿ ಹೊಲಕ್ಕ ಗಾಡಿ ಇಳಿಸೋರು, ಕಪ್ಪತಗುಡ್ಡದ ಗಾಳಿ ಫ್ಯಾನ್ ಕೆಲಸಕ್ಕ ದಿನಾ ಗುಡ್ಡ ಹತ್ತೋರು, ಬ್ಯಾಡಗಿ ಮಾರ್ಕೆಟ್‌ಗೆ ಮೆಣಸಿನಕಾಯಿ ಚೀಲ ಒಯ್ಯೋರು, ಇವರ ಫೋರ್ ವೀಲ್ ಪಿಕಪ್‌ಗೆ ಒಂದಿಲ್ಲೊಂದು ದಿನ ಮುಂದಿನ ಕಡೆಯಿಂದ ಸಪ್ಪಳ ಶುರು ಆಗೇ ಆಗ್ತೈತಿ. ಆಗ ಏನಾಗ್ತೈತಿ ಅಂದ್ರ ಮೊದಲ ಬೇರಿಂಗ್ ಬದಲ್ಸೂದು, ಸಪ್ಪಳ ಹೋಗಲಿಲ್ಲ ಅಂದ್ರ ಆಕ್ಸಲ್ ಬದಲ್ಸೂದು, ಅದಕ್ಕೂ ಹೋಗಲಿಲ್ಲ ಅಂದ್ರ ಡಿಫರೆನ್ಷಿಯಲ್ (ಎಡ ಬಲ ಗಾಲಿಗೆ ಜೋರು ಹಂಚೋ ಗೇರ್ ಡಬ್ಬಿ) ಬಿಚ್ಚೂದು, ಹಿಂಗ ರೊಕ್ಕ ಸುಮ್ಮನ ಹೋಗ್ತೈತಿ. ಸಪ್ಪಳ ಚಾಸಿ ಹಿಡಕೊಂಡು ಹರದಾಡ್ತೈತಿ, ಬಲಗಡೆದು ಎಡಗಡೆ ಕೇಳಸ್ತೈತಿ, ಅದಕ್ಕ ಸಪ್ಪಳ ಎಲ್ಲಿಂದ ಬರ್ತೈತಿ ಅನ್ನೂದಕ್ಕಿಂತ ಯಾವಾಗ ಬರ್ತೈತಿ ಅಂತ ಮೊದಲ ನೋಡ್ರಿ. ಅರ್ಧ ಉತ್ತರ ಅಲ್ಲೇ ಸಿಗ್ತೈತಿ.

ಮೊದಲ ಗಾಡಿ ತೊಳೀರಿ, ಇದನ್ನ ಸಣ್ಣ ಕೆಲಸ ಅನ್ನಬ್ಯಾಡ್ರಿ. ಎರಿ ಮಣ್ಣು ರಿಮ್ಮಿನ ಒಳಮಗ್ಗಲಕ್ಕ ಮೆತ್ಕೊಂಡು ಒಣಗಿತಂದ್ರ ಗಾಲಿ ಬ್ಯಾಲೆನ್ಸ್ ತಪ್ತೈತಿ, ಸ್ಪೀಡ್ ಹೋದಂಗ ಸ್ಟೇರಿಂಗ್ ನಡಗ್ತೈತಿ, ಮಂದಿ ಅದನ್ನ ಶಾಫ್ಟ್ ಹೋಗೈತಿ ಅಂತ ತಿಳ್ಕೊಂತಾರ. ಗಾಲಿ ಒಳಗಿನ ಕಡೆಯಿಂದ ಜೋರಾಗಿ ನೀರು ಹೊಡಸ್ರಿ, ಟೈರ್ ಗುಬಟಿನಾಗ ಕಲ್ಲು ಸಿಕ್ಕೈತೇನು ನೋಡ್ರಿ, ಬ್ರೇಕ್ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವ ಸಣ್ಣ ಗರಸು ಸಿಕ್ಕಿದ್ರ ಕಿರ್ರ್ ಅಂತ ಎಂಥಾ ಕೆಟ್ಟ ಸಪ್ಪಳ ಬರ್ತೈತಿ ಅಂದ್ರ ಗಾಲಿನ ಕಳಚಿ ಬೀಳ್ತೈತಿ ಅನಸ್ತೈತಿ.

ಮುಂದ 2H (ಎರಡು ಗಾಲಿಗೆ ಜೋರು) ಮತ್ತ 4H (ನಾಕೂ ಗಾಲಿಗೆ ಜೋರು) ಪರೀಕ್ಷೆ. ನನ್ನ ಪ್ರಕಾರ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. 2H ನಾಗ ಇಂಜಿನ್ ಜೋರು ಬರೇ ಹಿಂದಿನ ಗಾಲಿಗೆ ಹೋಗ್ತೈತಿ. ಇವತ್ತಿನ ಬಹಳಷ್ಟು ಪಿಕಪ್‌ನಾಗ ಮುಂದಿನ ಗಾಲಿ ಸಂಗಟ ಅದರ ಆಕ್ಸಲ್, ಸಿವಿ ಜಾಯಿಂಟ್ (ಗಾಲಿ ಹೊಳ್ಳಿದ್ರೂ ಜೋರು ದಾಟಸೋ ಆಕ್ಸಲಿನ ಕೀಲು) ಸುಮ್ಮನ ತಿರಗತಾವ, ಆದ್ರ ಮುಂದಿನ ಪ್ರೊಪೆಲ್ಲರ್ ಶಾಫ್ಟ್ (ಮುಂದಿನ ಡಿಫರೆನ್ಷಿಯಲ್‌ಗೆ ಜೋರು ಒಯ್ಯೋ ಉದ್ದನ ಶಾಫ್ಟ್) ನಿಂತಿರ್ತೈತಿ. ಲಾಕಿಂಗ್ ಹಬ್ (ಗಾಲಿನ ಆಕ್ಸಲಿಗೆ ಜೋಡಸೋ, ಬಿಡಸೋ ಕೀಲಿ) ಇರೋ ಗಾಡಿನಾಗ ಹಬ್ ಫ್ರೀ ಮಾಡಿದ್ರ ಆಕ್ಸಲ್ಲೂ ತಿರಗೂದಿಲ್ಲ. ಹಂಗಾಗಿ ಎರಡರಾಗೂ ಸಪ್ಪಳ ಐತಿ ಅಂದ್ರ ಟೈರ್, ವೀಲ್ ಬೇರಿಂಗ್, ಬ್ರೇಕ್ ಕಡೆ ನೋಡಬೇಕು, 4H ಹಾಕಿದಾಗ ಅಷ್ಟೇ ಬಂದ್ರ ಪ್ರೊಪೆಲ್ಲರ್ ಶಾಫ್ಟ್, ಮುಂದಿನ ಡಿಫರೆನ್ಷಿಯಲ್, ಟ್ರಾನ್ಸ್‌ಫರ್ ಕೇಸ್ (ಜೋರನ್ನ ಮುಂದ ಹಿಂದ ಹಂಚೋ ಗೇರ್ ಪೆಟ್ಟಿಗಿ), ಇಲ್ಲಾ ಲೋಡ್ ಬಿದ್ದಾಗ ಬಾಯಿ ಬಿಡೋ ಸಿವಿ ಜಾಯಿಂಟ್.

ಆದ್ರ ಈ 4H ಪರೀಕ್ಷೆನ ಒಣ ಡಾಂಬರ ಮ್ಯಾಲೆ, ಹುಬ್ಬಳ್ಳಿ ಸಿಮೆಂಟ್ ರೋಡ್ ಮ್ಯಾಲೆ ದಯಮಾಡಿ ಮಾಡಬ್ಯಾಡ್ರಿ. ಪಾರ್ಟ್ ಟೈಮ್ ಫೋರ್ ವೀಲ್‌ನಾಗ (ಬೇಕಾದಾಗ ಅಷ್ಟೇ 4H ಹಾಕೋ ಗಾಡಿ) ಮುಂದಿನ ಹಿಂದಿನ ಶಾಫ್ಟ್ ಎರಡೂ ಒಂದಕ್ಕೊಂದು ಲಾಕ್ ಆಗಿರ್ತಾವ, ಗಾಡಿ ಹೊಳ್ಳುವಾಗ ಮುಂದಿನ ಗಾಲಿ ಹೆಚ್ಚು ದೂರ ಹೋಗಬೇಕು, ಆ ಫರಕ ಬಿಡ್ಸಿಕೊಳ್ಳಾಕ ಜಾಗ ಸಿಗದ ಶಾಫ್ಟಿನಾಗ ಬಿಗಿ ಕಟ್ಟಿ ಗಾಡಿ ಜಿಗೀತೈತಿ, ಧಡ್ ಅಂತೈತಿ. ಅದು ಗಾಡಿ ರೋಗ ಅಲ್ಲ, ಬಳಸೂದರಾಗಿನ ತಪ್ಪು. 4H ನಿಂದ 2H ಗೆ ಬರಲಿಲ್ಲ ಅಂದ್ರ ನಾಕು ಮಾರು ರಿವರ್ಸ್ ತಗೋರಿ, ಬಿಗಿ ಬಿಡ್ತೈತಿ. ಮುಂದ ಹೊಸ ಟೈರ್, ಹಿಂದ ಸವೆದಿದ್ದು ಹಾಕಿದ್ರೂ ಇದ ತ್ರಾಸ, ಸಪ್ಪಳ ಹುಡುಕೂಕಿಂತ ಮೊದಲ ನಾಕೂ ಟೈರ್ ಸೈಜ್ ನೋಡ್ಕೋರಿ.

ಈಗ ಒಂದೊಂದಾಗಿ ನೋಡೋಣ. ಝೂಂ ಅನ್ನೋ ಸಪ್ಪಳ, ಸ್ಪೀಡ್ ಹೆಚ್ಚಾದಂಗ ಏರ್ತೈತಿ, ಎಕ್ಸಲೇಟರ್ ಬಿಟ್ರೂ ಹೋಗೂದಿಲ್ಲ ಅಂದ್ರ ಬೇರಿಂಗ್ ಇಲ್ಲಾ ಟೈರ್. ಡಾಂಬರದಿಂದ ಸಿಮೆಂಟ್ ರೋಡಿಗೆ ಬಂದ ಕೂಡಲೇ ಸಪ್ಪಳದ ದನಿ ಬದಲಾತು ಅಂದ್ರ ಅದು ಟೈರ್, ಖಾತ್ರಿ ಮಾಡ್ಕೊಳ್ಳಾಕ ಮುಂದಿನ ಟೈರ್ ಹಿಂದಕ್ಕ ಹಾಕಿ ಓಡ್ಸಿ ನೋಡ್ರಿ. ಬದಲಾಗಲಿಲ್ಲ ಅಂದ್ರ ಖಾಲಿ ರೋಡಿನಾಗ 50ರ ಆಸುಪಾಸು ಸ್ಪೀಡಿನಾಗ ಸ್ಟೇರಿಂಗ್ ಸಾವಕಾಶ ಎಡಕ್ಕ ಬಲಕ್ಕ ತೂಗ್ರಿ (ಹಾವೇರಿಗೆ ಹೋಗೋ ಹೈವೇ 48ರ ಮ್ಯಾಲೆ ಅಲ್ಲ, ಹಿಂದ ಲಾರಿ ಬರ್ತಿರ್ತಾವ). ಎಡಕ್ಕ ಹೊಳ್ಸಿದಾಗ ಭಾರ ಬಲಗಡೆ ಬೇರಿಂಗ್ ಮ್ಯಾಲೆ ಬೀಳ್ತೈತಿ, ಆಗ ಸಪ್ಪಳ ಏರಿದ್ರ ಬಲಗಡೆದ ಹೋಗಿರೋದು ಹೆಚ್ಚು. ಆಮ್ಯಾಲೆ ಜ್ಯಾಕ್ ಹಾಕಿ ಗಾಲಿನ ಮ್ಯಾಲೆ ಕೆಳಗ ಹಿಡದು ಅಲ್ಲಾಡ್ಸಿ ನೋಡ್ರಿ, ಆಟ ಇದ್ರ ಬೇರಿಂಗ್ ಇಲ್ಲಾ ಬಾಲ್ ಜಾಯಿಂಟ್, ಎಡಕ ಬಲಕ ಹಿಡದಾಗ ಅಷ್ಟೇ ಆಟ ಇದ್ರ ಬಹಳ ಮಾಡಿ ಟೈ ರಾಡ್. ಒಂದು ಕೈ ಕಾಯಿಲ್ ಸ್ಪ್ರಿಂಗ್ ಮ್ಯಾಲೆ ಇಟ್ಟು ಇನ್ನೊಂದು ಕೈಲಿ ಗಾಲಿ ತಿರುವ್ರಿ, ಹೋದ ಬೇರಿಂಗಿನ ಗರಗರ ಕಿವಿಗೆ ಕೇಳದಿದ್ರೂ ಸ್ಪ್ರಿಂಗಿನಾಗ ಕೈಗೆ ಗೊತ್ತಾಗ್ತೈತಿ.

ಜ್ಯಾಕ್ ಮಾತು ಬಂತು ಅಂದ್ಮ್ಯಾಲೆ ಇದೊಂದು ಹೇಳಲೇಬೇಕು. ಹಿಂದಿನ ಗಾಲಿಗೆ ಕಲ್ಲು ಕೊಡ್ರಿ, ಜ್ಯಾಕ್ ಒಂದನ್ನ ನಂಬಿ ಕೆಳಗ ಹೋಗಬ್ಯಾಡ್ರಿ, ಸ್ಟ್ಯಾಂಡ್ ಹಾಕ್ರಿ. ಮುಂದಿನ ಗಾಲಿ ಎತ್ತಿ ಇಂಜಿನ್ ಚಾಲೂ ಮಾಡಿ ಗೇರ್ ಹಾಕಬ್ಯಾಡ್ರಿ, ಹಿಂದಿನ ಗಾಲಿ ನೆಲದ ಮ್ಯಾಲ ಐತಿ, ಗಾಡಿ ಜ್ಯಾಕಿನಿಂದ ಹಾರಿ ಮೈಮ್ಯಾಲೆ ಬರ್ತೈತಿ.

ಟಕ್ ಟಕ್ ಟಕ್ ಅಂತ ತಿರುವಿನಾಗ ಬಂದ್ರ ಹೊರಗಿನ ಸಿವಿ ಜಾಯಿಂಟ್. ಇಲ್ಲೇ ಬಹಳ ಮಂದಿ ಎಡವೂದು, ಯಾಕಂದ್ರ 2H ನಾಗ ಆ ಜಾಯಿಂಟಿಗೆ ಲೋಡೇ ಇರೂದಿಲ್ಲ, ಹೋಗಿದ್ರೂ ಸುಮ್ಮನಿರ್ತೈತಿ. ಅದಕ್ಕ ಸಡಲ ಮಣ್ಣಿನ ಬಯಲಿನಾಗ 4H ಹಾಕಿ, ಸ್ಟೇರಿಂಗ್ ಬಹಳಷ್ಟು ಹೊಳ್ಸಿ, ಸಾವಕಾಶ ಎಕ್ಸಲೇಟರ್ ಕೊಟ್ಟು ಎರಡೂ ಕಡೆ ಸುತ್ತು ಹಾಕ್ರಿ. ಕೆಳಗ ಬಗ್ಗಿ ರಬ್ಬರ್ ಬೂಟ್ ನೋಡ್ರಿ, ಅದು ಹರದಿದ್ರ ಗ್ರೀಸು ಸಿಡದು ರಿಮ್ಮಿನ ಒಳಗ, ಅಕ್ಕಪಕ್ಕದ ಆರ್ಮಿಗೆ ಕರ್ರಗ ಬಡದಿರ್ತೈತಿ. ಬೂಟ್ ಅಷ್ಟೇ ಹರದು ಸಪ್ಪಳ ಇನ್ನೂ ಶುರು ಆಗಿಲ್ಲ ಅಂದ್ರ ಜಾಯಿಂಟ್ ಬಿಚ್ಚಿ ತೊಳದು ಹೊಸ ಗ್ರೀಸ್, ಹೊಸ ಬೂಟ್ ಹಾಕಿದ್ರ ಉಳೀತೈತಿ, ಇಡೀ ಆಕ್ಸಲ್ ರೊಕ್ಕ ಉಳೀತು. ಒಳಗ ಮಣ್ಣು ಹೊಕ್ಕು ಟಕ್ ಟಕ್ ಶುರು ಆಗಿದ್ರ ಗ್ರೀಸ್ ಹಾಕಿ ಉಪಯೋಗ ಇಲ್ಲ. ನೇರ ರೋಡಿನಾಗ ಎಕ್ಸಲೇಟರ್ ಕೊಟ್ಟಾಗ ಅಷ್ಟೇ ನಡುಕ ಬಂದ್ರ ಒಳಗಿನ ಜಾಯಿಂಟ್ ನೋಡ್ರಿ.

4H ನಾಗ ಸಾವಕಾಶ ಹೋಗುವಾಗ ಗುಬ್ಬಿ ಕೂಗಿದಂಗ ಚೀಂವ್ ಚೀಂವ್ ಅಂದ್ರ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಶಾಫ್ಟಿನ ತುದಿಯ ಕೀಲು) ಒಣಗೈತಿ. ಕ್ರಾಸಿನ ಕ್ಯಾಪ್ ಸುತ್ತ ಕೆಂಪು ತುಕ್ಕಿನ ಪುಡಿ ಕಂಡ್ರ ಮತ್ತ ಸಂಶಯ ಬ್ಯಾಡ. ಡ್ರೈವ್‌ನಿಂದ ರಿವರ್ಸಿಗೆ ಬರುವಾಗ ಠಣ್ ಅನ್ನೂದೂ ಕ್ರಾಸಿಂದ, ಇಲ್ಲಾ ಸ್ಲಿಪ್ ಯೋಕ್ (ಶಾಫ್ಟ್ ಉದ್ದ ಗಿಡ್ಡ ಆಗಾಕ ಸರಿಯೋ ಭಾಗ) ಗ್ರೀಸ್ ಇಲ್ಲದ ಒಣಗಿರೋದರಿಂದ. ಗ್ರೀಸ್ ನಿಪ್ಪಲ್ ಇದ್ರ ಮೊದಲ ಗನ್ ಹಚ್ಚಿ ನೋಡ್ರಿ. ಗಾಲಿ ಸಪ್ಪಳನೋ ಶಾಫ್ಟ್ ಸಪ್ಪಳನೋ ಗೊತ್ತಾಗಲಿಲ್ಲ ಅಂದ್ರ ಮೊಬೈಲಿನಾಗ ರೆಕಾರ್ಡ್ ಮಾಡಿ ಎಣಸ್ರಿ. ಟೈರಿನ ಸುತ್ತಳತೆ ಸುಮಾರು 2.3 ಮೀಟರ್ ಹಿಡದ್ರ 10 ಕಿಲೋಮೀಟರ್ ಸ್ಪೀಡಿನಾಗ ಗಾಲಿ ಸೆಕೆಂಡಿಗೆ ಒಂದು ಸುತ್ತಕ್ಕಿಂತ ಸ್ವಲ್ಪ ಹೆಚ್ಚು ತಿರಗ್ತೈತಿ, ಡಿಫರೆನ್ಷಿಯಲ್ ರೇಷಿಯೋ 4ರ ಸುಮಾರಿದ್ರ ಶಾಫ್ಟ್ ಐದು ಸುತ್ತು. ಸೆಕೆಂಡಿಗೊಂದು ಸಪ್ಪಳ ಗಾಲಿದು, ಐದರ ಸುಮಾರು ಬಂದ್ರ ಶಾಫ್ಟಿಂದು.

ಇನ್ನ ಡಿಫರೆನ್ಷಿಯಲ್. ಎಕ್ಸಲೇಟರ್ ಕೊಟ್ಟಾಗ ಒಂದು ದನಿ, ಬಿಟ್ಟಾಗ ಇನ್ನೊಂದು ದನಿ ಅಂತ ಕೂಯ್ ಅನ್ನೂದು ಇದರದು. ಬಿಚ್ಚೂಕಿಂತ ಮೊದಲ ಎಣ್ಣಿ ನೋಡ್ರಿ. ಮಳಿಗಾಲದಾಗ ಬೆಣ್ಣಿಹಳ್ಳದ ಕಡೆ ನೀರಾಗ ಗಾಡಿ ಹಾಯ್ಸೋರಿಗೆ ಇದು ಬಹಳ ಮುಖ್ಯ, ಬಿಸಿ ಇರೋ ಹೌಸಿಂಗ್ ತಣ್ಣೀರಿಗೆ ಇಳದಾಗ ಒಳಗಿನ ಗಾಳಿ ಕುಗ್ತೈತಿ, ಬ್ರೀದರ್ (ಹೌಸಿಂಗಿಗೆ ಗಾಳಿ ಆಡೋ ತೂತು) ಮಣ್ಣು ತುಂಬಿ ಕಟ್ಟಿದ್ರ ಸೀಲಿನ ಸಂದಿಯಿಂದ ನೀರು ಎಳಕೊಂತೈತಿ. ಎಣ್ಣಿ ಬೆಳ್ಳಗ ಮಬ್ಬಾಗಿ ಬಂದ್ರ ನೀರು ಹೊಕ್ಕೈತಿ ಅಂತ ಅರ್ಥ, ಅವತ್ತ ಬದಲ್ಸ್ರಿ, ಬ್ರೀದರ್ ಸ್ವಚ್ಛ ಮಾಡ್ರಿ. ಡ್ರೇನ್ ಪ್ಲಗ್ಗಿನ ಮ್ಯಾಗ್ನೆಟ್‌ಗೆ ನುಣ್ಣನ ಬೂದಿ ಬಣ್ಣದ ಮಸಿ ಸ್ವಲ್ಪ ಇರೋದು ಮಾಮೂಲಿ, ಚೂರು ಬಂದ್ರ ಹಲ್ಲು ಇಲ್ಲಾ ಬೇರಿಂಗ್ ಒಡದೈತಿ, ಹಂಗ ಓಡಸಬ್ಯಾಡ್ರಿ. ಬಹಳ ಗಾಡಿಗೆ 80W-90 GL-5 ಗೇರ್ ಎಣ್ಣಿ ನಡೀತೈತಿ, ಆದ್ರೂ ಗಾಡಿ ಪುಸ್ತಕದಾಗ ಬರದಿದ್ದನ್ನ ಹಾಕ್ರಿ.

ಇಷ್ಟಾದ ಮ್ಯಾಲೆ ಮಿಸ್ತ್ರಿ ಕಡೆ ಹೋದಾಗ “ಮುಂದ ಸಪ್ಪಳ ಐತ್ರಿ” ಅಂತ ಅಷ್ಟ ಹೇಳಬ್ಯಾಡ್ರಿ, “4H ನಾಗ ಅಷ್ಟೇ, ಬಲಕ್ಕ ಹೊಳ್ಳುವಾಗ, ಎಕ್ಸಲೇಟರ್ ಕೊಟ್ರ ಬರ್ತೈತ್ರಿ” ಅಂತ ಹೇಳಿ ರೆಕಾರ್ಡಿಂಗ್ ಕೇಳಸ್ರಿ, ಬಾಜೂಕ ಕುಂದರ್ಸಿಕೊಂಡು ಅದ ಜಾಗದಾಗ ಒಂದು ರೌಂಡ್ ಹಾಕ್ರಿ. ಬಿಚ್ಚಿದ ಹಳೇ ಸಾಮಾನು ಕೇಳಿ ಇಸ್ಕೋರಿ, ಬೇರಿಂಗ್ ಆಗಿದ್ರ ಕೈಲೇ ತಿರುವಿ ನೋಡ್ರಿ, ಗರಗರ ಇಲ್ಲದ ನುಣ್ಣಗ ತಿರಗಿದ್ರ ಸಪ್ಪಳ ಬ್ಯಾರೆ ಕಡೆ ಐತಿ, ಗಾಡಿ ಬಿಡಿಸ್ಕೊಂಡು ಹೋಗೂಕಿಂತ ಮೊದಲ ಅಲ್ಲೇ ಇನ್ನೊಮ್ಮೆ 2H, 4H ಎರಡರಾಗೂ ಓಡ್ಸಿ ನೋಡ್ರಿ.