ಮೊದಲು ಮಾಸ್ಕ್ ಕೊಳ್ಳಿ, ಸಿಲಿಂಡರ್ ಬಿಡಿ

ಸಿಲಿಂಡರಿನ ಗಾಳಿ ಉಸಿರಾಡುತ್ತಾ ನೀರಿನಡಿ ಈಜುವ ಸ್ಕೂಬಾ ಡೈವಿಂಗಿನಲ್ಲಿ ನನ್ನ ಮೊದಲ ನಾಲ್ಕು ಡೈವ್‌ಗಳ ನೆನಪೆಂದರೆ ಮೂಗಿನ ಹತ್ತಿರ ಅಲುಗಾಡುತ್ತಿದ್ದ ಉಪ್ಪು ನೀರು. ಬಾಡಿಗೆಗೆ ಸಿಕ್ಕಿದ ಮಾಸ್ಕ್ ನನ್ನ ಸಣ್ಣ ಮುಖಕ್ಕೆ ದೊಡ್ಡದಿತ್ತು. ಎರಡು ನಿಮಿಷಕ್ಕೊಮ್ಮೆ ನೀರು ತುಂಬುತ್ತಿತ್ತು. ಮೂಗಿನಿಂದ ಗಾಳಿ ಊದಿ ಅದನ್ನು ಹೊರಗೆ ಹಾಕುವುದೇ ಕೆಲಸ. ಪಟ್ಟಿ ಬಿಗಿ ಮಾಡಿದಷ್ಟೂ ಸೋರುವುದು ಜಾಸ್ತಿಯಾಯಿತು. ಡೈವಿಂಗ್ ನನಗೆ ಆಗಿಬರುವುದಿಲ್ಲ ಅಂದುಕೊಂಡೆ. ಐದನೇ ಸಲ ಜೊತೆಗಿದ್ದ ಗೆಳತಿ ತನ್ನ ಹಳೆಯ ಮಾಸ್ಕ್ ಕೊಟ್ಟಳು. ಒಂದು ಹನಿ ನೀರು ಒಳಗೆ ಬರಲಿಲ್ಲ. ನಲವತ್ತು ನಿಮಿಷ ಹೇಗೆ ಕಳೆಯಿತೋ ಗೊತ್ತಾಗಲಿಲ್ಲ.

ಅದಕ್ಕೇ ಹೊಸಬರು ಯಾರೇ ಕೇಳಲಿ, ನಾನು ಹೇಳುವ ಕ್ರಮ ಒಂದೇ. ಮೈಗೆ, ಮುಖಕ್ಕೆ ಸರಿಯಾಗಿ ಕೂರಬೇಕಾದ್ದನ್ನು ಮೊದಲು ಕೊಳ್ಳಿ. ದೊಡ್ಡ ಖರ್ಚಿನ ಸಾಮಾನುಗಳನ್ನು ಬಾಡಿಗೆಗೆ ಪಡೆದು ಹದಿನೈದು ಇಪ್ಪತ್ತು ಡೈವ್ ಮಾಡಿ, ಆಮೇಲೆ ಯೋಚಿಸಿ. ಸಿಲಿಂಡರ್ ಕೊಳ್ಳಲೇಬೇಡಿ. ತರಬೇತಿ ಇನ್ನೂ ಮುಗಿದಿಲ್ಲ ಅಂದರೆ ಮಾಸ್ಕ್ ಒಂದೇ ಸಾಕು.

ಮಾಸ್ಕ್ ನೋಡುವಾಗ ಪಟ್ಟಿಯನ್ನು ತಲೆಗೆ ಹಾಕಬೇಡಿ, ಮುಂದಕ್ಕೆ ಮಡಚಿಡಿ. ತಲೆ ಮೇಲೆತ್ತಿ, ಮಾಸ್ಕನ್ನು ಒತ್ತದೆ ಸುಮ್ನೆ ಮುಖದ ಮೇಲಿಡಿ. ಸಿಲಿಕಾನ್ ಅಂಚು ಸುತ್ತಲೂ ತಾಗಿದೆಯಾ ಅಂತ ಪಕ್ಕದಲ್ಲಿ ಇರುವವರನ್ನು ಕೇಳಿ. ಹಣೆಯ ಬದಿ ಮತ್ತು ಮೂಗಿನ ಕೆಳಗೆ ಸಂದು ಉಳಿಯುವುದೇ ಹೆಚ್ಚು. ಈಗ ತಲೆ ನೇರ ಮಾಡಿ, ಮೂಗಿನಿಂದ ಮೆಲ್ಲಗೆ ಉಸಿರೆಳೆದು ಕೈ ಬಿಡಿ. ಮಾಸ್ಕ್ ಬೀಳದೆ ನಿಲ್ಲಬೇಕು. ಜೋರಾಗಿ ಎಳೆದರೆ ಸರಿಹೊಂದದ ಮಾಸ್ಕೂ ಅಂಟಿಕೊಳ್ಳುತ್ತದೆ, ಹಾಗಾಗಿ ಮೆಲ್ಲಗೆ ಎಳೆಯುವುದು ಮುಖ್ಯ. ಇದೇ ಪರೀಕ್ಷೆಯನ್ನು ರೆಗ್ಯುಲೇಟರಿನ (ಸಿಲಿಂಡರಿನಿಂದ ಬಾಯಿಗೆ ಗಾಳಿ ಕೊಡುವ ಸಾಧನದ) ಬಾಯಿತುಂಡು ಕಚ್ಚಿಕೊಂಡು ಇನ್ನೊಮ್ಮೆ ಮಾಡಿ. ಬಾಯಿ ತೆರೆದಾಗ ಕೆನ್ನೆಯ ಆಕಾರ ಬದಲಾಗುತ್ತದೆ ಅಲ್ವಾ? ಅಂಗಡಿಯಲ್ಲಿ ಚೆನ್ನಾಗಿ ಕೂತ ಎಷ್ಟೋ ಮಾಸ್ಕ್‌ಗಳು ನೀರಿನಲ್ಲಿ ಸೋರುವುದು ಇದರಿಂದಲೇ. ದಪ್ಪ ಮೀಸೆ ಇದ್ದವರಿಗೆ ಮೂಗಿನ ಕೆಳಗೆ ಸ್ವಲ್ಪ ಸೋರುವುದು ಸಹಜ. ತಲೆಗೂದಲಿನ ಒಂದೆಳೆ ಅಂಚಿನ ಕೆಳಗೆ ಸಿಕ್ಕಿದರೂ ನೀರು ದಾರಿ ಮಾಡಿಕೊಳ್ಳುತ್ತದೆ.

ಈಜುವ ಕನ್ನಡಕ ಇದೆಯಲ್ಲ, ಅದೇ ಸಾಕಲ್ವಾ ಅಂತ ಕೆಲವರು ಕೇಳುತ್ತಾರೆ. ಸಾಕಾಗುವುದಿಲ್ಲ. 10 ಮೀಟರ್ ಆಳದಲ್ಲಿ ಒತ್ತಡ ನೀರಿನ ಮೇಲಿರುವುದರ ಎರಡರಷ್ಟಾಗುತ್ತದೆ. ಒಳಗಿರುವ ಗಾಳಿ ಕುಗ್ಗಿ ಕಣ್ಣನ್ನು ಹೀರಿ ಹಿಡಿಯುತ್ತದೆ. ಕಣ್ಣಿನ ರಕ್ತನಾಳ ಒಡೆಯಬಹುದು. ಮಾಸ್ಕ್‌ನಲ್ಲಿ ಮೂಗೂ ಒಳಗಿರುವುದರಿಂದ ಇಳಿಯುತ್ತಾ ಸ್ವಲ್ಪ ಗಾಳಿ ಊದಿ ಒತ್ತಡ ಸರಿಮಾಡಬಹುದು. ಮೂಗಿನ ಭಾಗ ಮೆತ್ತಗಿರಬೇಕು. ಕಿವಿಯ ಒತ್ತಡ ಸರಿಮಾಡಲು ಅದನ್ನು ಹೊರಗಿನಿಂದ ಹಿಂಡಬೇಕಾಗುತ್ತದೆ. ಗಾಜು ಟೆಂಪರ್ಡ್, ಅಂದರೆ ಒಡೆದರೂ ಚೂಪು ಚೂರಾಗದ ಬಗೆಯದಾಗಿರಲಿ. ನನ್ನ ಹಾಗೆ ದೂರದೃಷ್ಟಿ ಮಂದ ಇರುವವರು ಪವರ್ ಗಾಜು ಹಾಕಿಸಬಹುದಾದ ಮಾದರಿಯನ್ನು ನೋಡಿ. ಆ ಗಾಜು ಹಾಕಿಸಿದ ದಿನ ನಾನು ಬಂಡೆಯ ಸಂದಿನಲ್ಲಿದ್ದ ಸೀಗಡಿಯ ಮೀಸೆಯನ್ನು ಮೊದಲ ಬಾರಿ ನೋಡಿದೆ.

ಹೊಸ ಮಾಸ್ಕ್ ಮಂಜು ಹಿಡಿಯುತ್ತದೆ. ತಯಾರಿಕೆಯಲ್ಲಿ ಗಾಜಿನ ಮೇಲೆ ತೆಳುವಾದ ಪದರ ಉಳಿದಿರುತ್ತದೆ. ಜೆಲ್ ಅಲ್ಲದ ಬಿಳಿ ಟೂತ್‌ಪೇಸ್ಟನ್ನು ಬೆರಳಿನಿಂದ ಒಳಗಡೆ ಚೆನ್ನಾಗಿ ಉಜ್ಜಿ ತೊಳೆಯಿರಿ, ಮೂರು ನಾಲ್ಕು ಸಲ. ಒಳಗೆ ವಿಶೇಷ ಲೇಪನ ಇರುವ ಮಾಸ್ಕ್ ಆದರೆ ಉಜ್ಜಬೇಡಿ, ಜೊತೆಗೆ ಬಂದ ಚೀಟಿ ಓದಿ.

ಫಿನ್ಸ್, ಅಂದರೆ ಕಾಲಿಗೆ ಹಾಕುವ ಈಜುರೆಕ್ಕೆ, ಅದರ ವಿಷಯದಲ್ಲಿ ನಾನೇ ಎಡವಿದ್ದೇನೆ. ಹಿಮ್ಮಡಿ ತೆರೆದ ಫಿನ್ಸನ್ನು ಬರಿಗಾಲಿನಲ್ಲಿ ಹಾಕಿ ನೋಡಿ ಕೊಂಡೆ. ಆಮೇಲೆ ನಿಯೋಪ್ರೀನ್ ಅನ್ನುವ ಮೆತ್ತನೆಯ ರಬ್ಬರಿನ ಬೂಟು ಹಾಕಿದರೆ ಕಾಲು ಒಳಗೇ ಹೋಗಲಿಲ್ಲ. ಬೂಟು ಮೊದಲು, ಅದನ್ನು ಹಾಕಿಕೊಂಡೇ ಫಿನ್ಸ್. ಕಲ್ಲು ತುಂಬಿದ ದಡದಿಂದ ಇಳಿಯುವವರಿಗೆ ಬೂಟು ಬೇಕೇ ಬೇಕು. ಬೆಚ್ಚಗಿನ ನೀರಿಗೆ ದೋಣಿಯಿಂದಲೇ ಇಳಿಯುವುದಾದರೆ ಪೂರ್ತಿ ಪಾದ ಮುಚ್ಚುವ ಹಗುರ ಫಿನ್ಸ್ ಆಗುತ್ತದೆ. ತುಂಬಾ ಗಟ್ಟಿ ಅಲಗಿನದು ಬೇಡ, ಮೀನಖಂಡ ಹಿಡಿದುಕೊಳ್ಳುತ್ತದೆ. ಮುಖ ನೀರಿನಲ್ಲಿಟ್ಟು ಉಸಿರಾಡುವ ಕೊಳವೆ, ಸ್ನಾರ್ಕೆಲ್, ಸರಳವಾದದ್ದು ಸಾಕು.

ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಹಾಗಾಗಿ 27 ಡಿಗ್ರಿ ನೀರಿನಲ್ಲೂ ಮುಕ್ಕಾಲು ಗಂಟೆ ಕಳೆದರೆ ನಡುಕ ಬರಬಹುದು. ಅಂಥ ನೀರಿಗೆ ಮೈಗಂಟುವ ನಿಯೋಪ್ರೀನ್ ಉಡುಪು, ಅಂದರೆ 3 ಮಿಲಿಮೀಟರ್ ದಪ್ಪದ ವೆಟ್‌ಸೂಟ್, 20ರಿಂದ 25 ಡಿಗ್ರಿಗೆ 5, ಅದಕ್ಕಿಂತ ತಣ್ಣಗಿದ್ದರೆ 7 ಅನ್ನುವುದು ಒಂದು ಅಂದಾಜು. ನನಗೆ ಬೇಗ ಚಳಿಯಾಗುತ್ತದೆ. ಗೆಳತಿ 3ರಲ್ಲಿ ಇಳಿಯುವ ನೀರಿಗೆ ನಾನು 5 ಹಾಕುತ್ತೇನೆ. ದಪ್ಪಕ್ಕಿಂತಲೂ ಅಳತೆ ಮುಖ್ಯ. ಕೈ ಮೇಲೆತ್ತಿ, ಕುಕ್ಕರಗಾಲಲ್ಲಿ ಕೂತು ನೋಡಿ. ಸೊಂಟದ ಹಿಂದೆ, ಕಂಕುಳಲ್ಲಿ, ಕತ್ತಿನ ಹಿಂದೆ ಜಾಗ ಉಳಿದರೆ ತಣ್ಣೀರು ಅಲ್ಲಿಂದ ಹರಿದಾಡುತ್ತದೆ. ನೆಲದ ಮೇಲೆ ಬಿಗಿ ಅನಿಸಬೇಕು, ಆದರೆ ಎದೆ ತುಂಬ ಉಸಿರು ತೆಗೆದುಕೊಳ್ಳಲು ಆಗಬೇಕು.

ದೊಡ್ಡ ಖರ್ಚಿನವುಗಳಲ್ಲಿ ಮೊದಲು ಕೊಳ್ಳಬೇಕಾದದ್ದು ಡೈವ್ ಕಂಪ್ಯೂಟರ್. ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇದ್ದಿರಿ ಅನ್ನುವುದರ ಮೇಲೆ ಮೈಯಲ್ಲಿ ಸೇರಿದ ನೈಟ್ರೋಜನ್ ಎಷ್ಟಿರಬಹುದು ಅಂತ ಅದು ಲೆಕ್ಕ ಹಾಕುತ್ತದೆ. ಅದು ಹೆಚ್ಚಾಗಿದ್ದಾಗ ಬೇಗ ಮೇಲೇರಿದರೆ ಮೈಯಲ್ಲಿ ಗುಳ್ಳೆಗಳಾಗಿ ಅಪಾಯ ತರುತ್ತದೆ. ಬೆಳಿಗ್ಗೆ ಒಂದು ಕಂಪ್ಯೂಟರ್, ಮಧ್ಯಾಹ್ನ ಇನ್ನೊಂದು ಕಟ್ಟಿಕೊಂಡರೆ ಎರಡನೆಯದಕ್ಕೆ ಬೆಳಗಿನ ಡೈವ್ ಗೊತ್ತೇ ಇರುವುದಿಲ್ಲ. ನಿಮ್ಮ ಮೈ ಖಾಲಿ ಇದೆ ಅಂದುಕೊಂಡು ಹೆಚ್ಚು ಸಮಯ ಕೊಡುತ್ತದೆ. ಜೊತೆಗಾರರ ಕಂಪ್ಯೂಟರ್ ನೋಡಿಕೊಂಡು ಡೈವ್ ಮಾಡುವುದೂ ತಪ್ಪು, ಇಬ್ಬರ ಆಳ ಯಾವತ್ತೂ ಒಂದೇ ಇರುವುದಿಲ್ಲ. ಈ ವಿಷಯದಲ್ಲಿ ದಯವಿಟ್ಟು ರಾಜಿ ಮಾಡಿಕೊಳ್ಳಬೇಡಿ.

ಅದರಲ್ಲಿ ಏನು ನೋಡಬೇಕು? ಅಂಕಿಗಳು ದೊಡ್ಡದಾಗಿ ಕಾಣಬೇಕು. ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿರುವ ಗಾಳಿ) ಸೆಟ್ಟಿಂಗ್ ಇರಲಿ, ಮುಂದೆ ಕಲಿತಾಗ ಬೇಕಾಗುತ್ತದೆ. ಬ್ಯಾಟರಿಯನ್ನು ನೀವೇ ಬದಲಿಸುವ ಅಥವಾ ಚಾರ್ಜ್ ಮಾಡುವ ಹಾಗಿದ್ದರೆ ಒಳ್ಳೆಯದು. ಬೇಗ ಮೇಲೇರಿದರೆ ಎಚ್ಚರಿಸಬೇಕು. ನಿಮಿಷಕ್ಕೆ 9 ಮೀಟರ್‌ಗಿಂತ ನಿಧಾನವಾಗಿ ಏರಿ, 5 ಮೀಟರ್‌ನಲ್ಲಿ 3 ನಿಮಿಷ ನಿಲ್ಲುವುದನ್ನು ತರಬೇತಿಯಲ್ಲೇ ಕಲಿತಿರುತ್ತೀರಿ. ಸಿಲಿಂಡರಿನ ಒತ್ತಡವನ್ನೂ ತೋರಿಸುವ ದುಬಾರಿ ಮಾದರಿ ಈಗಲೇ ಬೇಕಿಲ್ಲ.

ಇನ್ನು ರೆಗ್ಯುಲೇಟರ್. ಉಸಿರೆಳೆದಾಗ ಮಾತ್ರ, ಸುತ್ತಲಿನ ನೀರಿನ ಒತ್ತಡಕ್ಕೆ ಸರಿಯಾಗಿ ಗಾಳಿ ಕೊಡುವ ಈ ಸಾಧನವನ್ನು 1943ರಲ್ಲಿ ಜಾಕ್ ಕೂಸ್ಟೊ ಮತ್ತು ಎಮಿಲ್ ಗಾನ್ಯಾ ರೂಪಿಸಿದ್ದರಿಂದಲೇ ಇಂದಿನ ಡೈವಿಂಗ್ ಸಾಧ್ಯವಾಯಿತು. ಸಿಲಿಂಡರಿಗೆ ಜೋಡಿಸುವ ಭಾಗ ಫಸ್ಟ್ ಸ್ಟೇಜ್, ಬಾಯಲ್ಲಿರುವುದು ಸೆಕೆಂಡ್ ಸ್ಟೇಜ್. ಜೊತೆಗಾರರಿಗೆ ಗಾಳಿ ಬೇಕಾದಾಗ ಕೊಡುವ ಇನ್ನೊಂದು ಸೆಕೆಂಡ್ ಸ್ಟೇಜ್ ಆಕ್ಟೋಪಸ್, ಸಾಮಾನ್ಯವಾಗಿ ಹಳದಿ ಬಣ್ಣದ್ದು. ಫಸ್ಟ್ ಸ್ಟೇಜ್ ಬ್ಯಾಲೆನ್ಸ್ಡ್ ಆಗಿರಲಿ. ಸಿಲಿಂಡರ್ ಖಾಲಿಯಾಗುತ್ತಾ ಬಂದರೂ ಉಸಿರಾಟ ಭಾರವಾಗುವುದಿಲ್ಲ. ಅದರ ಒಳರಚನೆಯಲ್ಲಿ ಪಿಸ್ಟನ್ ಬಗೆಯದು ಒಳ್ಳೆಯದಾ, ಡಯಾಫ್ರಾಮ್ ಬಗೆಯದು ಒಳ್ಳೆಯದಾ ಅಂತ ತಲೆ ಕೆಡಿಸಿಕೊಳ್ಳಬೇಡಿ, ಎರಡೂ ಚೆನ್ನಾಗಿ ಕೆಲಸ ಮಾಡುತ್ತವೆ. 10 ಡಿಗ್ರಿಗಿಂತ ತಣ್ಣಗಿನ ನೀರಿಗೆ ಇಳಿಯುವವರು ಮಾತ್ರ ತಣ್ಣೀರಿಗೆಂದೇ ಮಾಡಿದ್ದನ್ನು ಕೇಳಿ ಪಡೆಯಬೇಕು, ಇಲ್ಲದಿದ್ದರೆ ಒಳಗೆ ಮಂಜುಗಡ್ಡೆ ಕಟ್ಟಿ ಗಾಳಿ ನಿಲ್ಲದೆ ಹರಿಯಬಹುದು. ಜೋಡಣೆಯಲ್ಲಿ ಯೋಕ್, ಡಿನ್ ಅಂತ ಎರಡು ಬಗೆ. ಯೋಕ್ ಹೊರಗಿನಿಂದ ಹಿಡಿಯುತ್ತದೆ, ಡಿನ್ ತಿರುಪಿನ ಹಾಗೆ ಒಳಗೆ ಕೂರುತ್ತದೆ. ನಾನು ಡಿನ್ ತೆಗೆದುಕೊಂಡು ಯೋಕ್ ಅಡಾಪ್ಟರ್ ಜೊತೆಗಿಟ್ಟುಕೊಂಡಿದ್ದೇನೆ.

ಇದೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಇದನ್ನು ಸರ್ವಿಸ್ ಮಾಡುವವರು ಯಾರು? ವರ್ಷಕ್ಕೊಮ್ಮೆ ಅಥವಾ 100 ಡೈವ್‌ಗೊಮ್ಮೆ ಬಿಚ್ಚಿ ಸವೆದ ಭಾಗ ಬದಲಿಸುವುದು ಬಹುಕಾಲದ ರೂಢಿ. ಕೆಲವು ತಯಾರಕರು ಎರಡು ವರ್ಷ ಕೊಡುತ್ತಾರೆ. ಆ ಬ್ರ್ಯಾಂಡಿನ ಬಿಡಿಭಾಗ ಸಿಗದಿದ್ದರೆ ಎಷ್ಟು ಚಂದದ ರೆಗ್ಯುಲೇಟರ್ ಆದರೂ ಪ್ರಯೋಜನವಿಲ್ಲ.

ಇದನ್ನು ಕಷ್ಟಪಟ್ಟು ಕಲಿತೆ. ಹೊರಗಿನಿಂದ ಹೊಳೆಯುತ್ತಿದ್ದ ಒಂದು ಸೆಕೆಂಡ್‌ಹ್ಯಾಂಡ್ ರೆಗ್ಯುಲೇಟರ್ ಕೊಂಡಿದ್ದೆ. 14 ಮೀಟರ್‌ನಲ್ಲಿ ಪ್ರತಿ ಉಸಿರಿನ ಜೊತೆ ಉಪ್ಪು ನೀರು ಗಂಟಲಿಗೆ ಬರತೊಡಗಿತು. ಆಕ್ಟೋಪಸ್ ಬಾಯಿಗಿಟ್ಟುಕೊಂಡು, ಗೆಳತಿಗೆ ಸನ್ನೆ ಮಾಡಿ, ನಿಧಾನವಾಗಿ ಮೇಲೆ ಬಂದೆವು. ಬಿಚ್ಚಿ ನೋಡಿದಾಗ ಉಸಿರು ಹೊರಹೋಗುವ ಕಡೆಯ ರಬ್ಬರ್ ಕವಾಟದ ಅಂಚು ಹರಿದಿತ್ತು. ಫಸ್ಟ್ ಸ್ಟೇಜಿನ ಫಿಲ್ಟರ್ ಹಸಿರು ಹಿಡಿದಿತ್ತು, ಅಂದರೆ ಒಳಗೆ ನೀರು ಹೋಗಿತ್ತು. ಹಳೆಯ ಮಾಸ್ಕ್, ಫಿನ್ಸ್ ಧೈರ್ಯವಾಗಿ ಕೊಳ್ಳಿ. ಹಳೆಯ ರೆಗ್ಯುಲೇಟರ್ ಕೊಂಡರೆ ಸರ್ವಿಸ್ ಆಗುವವರೆಗೆ ನೀರಿಗಿಳಿಸಬೇಡಿ. ತೊಳೆಯುವಾಗ ಫಸ್ಟ್ ಸ್ಟೇಜಿನ ಮುಚ್ಚಳವನ್ನು ಒಣಗಿಸಿ ಬಿಗಿಯಾಗಿ ಹಾಕಿ, ಸೆಕೆಂಡ್ ಸ್ಟೇಜಿನಲ್ಲಿ ಗಾಳಿ ಹೊರಬಿಡುವ ಪರ್ಜ್ ಗುಂಡಿ ಒತ್ತಬೇಡಿ.

ಬಿಸಿಡಿ, ಅಂದರೆ ಗಾಳಿ ತುಂಬಿ ತೇಲುವಿಕೆ ಹೊಂದಿಸುವ ಜಾಕೆಟ್, ಅದನ್ನು ಕೊನೆಗೆ ಕೊಳ್ಳಿ. ಬಾಡಿಗೆಯವು ಸಾಮಾನ್ಯವಾಗಿ ಮೈಸುತ್ತ ಗಾಳಿ ತುಂಬುವ ಬಗೆಯವು. ಬೆನ್ನಿನ ಕಡೆ ಮಾತ್ರ ಗಾಳಿ ತುಂಬುವ ಬಗೆಯದು ನೀರಿನೊಳಗೆ ಅಡ್ಡಡ್ಡ ತೇಲಲು ಹಾಯೆನಿಸುತ್ತದೆ, ಆದರೆ ಮೇಲೆ ಬಂದಾಗ ಮುಂದಕ್ಕೆ ತಳ್ಳುವ ಹಾಗಿರುತ್ತದೆ. ಎರಡನ್ನೂ ಹಾಕಿ ಇಳಿದು ನೋಡದೆ ತೀರ್ಮಾನಿಸಬೇಡಿ. ವೆಟ್‌ಸೂಟ್ ತೊಟ್ಟುಕೊಂಡೇ ಹಾಕಿ, ಪೂರ್ತಿ ಗಾಳಿ ತುಂಬಿಸಿ. ಪಕ್ಕೆಲುಬು ಹಿಂಡಿದಂತಾದರೆ ಅದು ನಿಮ್ಮದಲ್ಲ. ಗಾಳಿ ಬಿಡುವ ದಾರಗಳು ಕಣ್ಣು ಮುಚ್ಚಿದರೂ ಕೈಗೆ ಸಿಗಬೇಕು.

ಸಿಲಿಂಡರ್ ಯಾಕೆ ಬೇಡ? ತೂಕ ಮೊದಲ ಕಾರಣ. ಎಲ್ಲೆಡೆ ಕಾಣುವ 11.1 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯಿದ್ದಾಗಲೇ 14 ಕಿಲೋ ತೂಗುತ್ತದೆ. ಅದಕ್ಕೆ ಕಾಲಕಾಲಕ್ಕೆ ಒಳಗಿನ ತಪಾಸಣೆ, ನೀರಿನ ಒತ್ತಡದ ಪರೀಕ್ಷೆ ಮಾಡಿಸಬೇಕು. ಡೈವ್‌ಗೆ ಹೋದಲ್ಲೆಲ್ಲ ತುಂಬಿದ ಸಿಲಿಂಡರ್ ಬಾಡಿಗೆಗೆ ಸಿಗುತ್ತದೆ. ಸೀಸದ ತೂಕಗಳೂ ಅಷ್ಟೇ. ಆ ಹಣದಲ್ಲಿ ಮೇಲೆ ಬರುವಾಗ ದೋಣಿಗಳಿಗೆ ಕಾಣುವಂತೆ ಬಿಡುವ ಬಣ್ಣದ ಬಲೂನ್, ಅದರ ದಾರದ ಸುರುಳಿ, ಒಂದು ಸೀಟಿ, ಬಲೆಗೆ ಸಿಕ್ಕಿದರೆ ಕತ್ತರಿಸಲು ಸಣ್ಣ ಕಟ್ಟರ್ ತೆಗೆದುಕೊಳ್ಳಿ.

ಹೊಸ ಸಾಮಾನನ್ನು ಮೊದಲ ಸಲ ಸಮುದ್ರದ ಆಳಕ್ಕೆ ಒಯ್ಯಬೇಡಿ. ಕೊಳದಲ್ಲೋ ಎದೆಮಟ್ಟದ ನೀರಿನಲ್ಲೋ ಅರ್ಧ ಗಂಟೆ ಕಳೆಯಿರಿ. ತೂಕ ಸರಿ ಇದೆಯಾ ಅನ್ನುವುದನ್ನು ಸಿಲಿಂಡರಿನಲ್ಲಿ 50 ಬಾರ್ ಒತ್ತಡದ ಗಾಳಿ ಉಳಿದಾಗ ನೋಡಿ, ಯಾಕೆಂದರೆ ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯಾಗುತ್ತಾ ತೇಲತೊಡಗುತ್ತದೆ. ಜಾಕೆಟ್ಟಿನ ಗಾಳಿಯೆಲ್ಲ ಬಿಟ್ಟು, ಸಹಜವಾಗಿ ಉಸಿರೆಳೆದು ಹಿಡಿದಾಗ ನೀರು ಕಣ್ಣಿನ ಮಟ್ಟಕ್ಕೆ ನಿಲ್ಲಬೇಕು. ಉಸಿರು ಬಿಟ್ಟರೆ ನಿಧಾನವಾಗಿ ಮುಳುಗಬೇಕು. ಆ ತೂಕವನ್ನು, ಅವತ್ತು ತೊಟ್ಟಿದ್ದ ವೆಟ್‌ಸೂಟಿನ ದಪ್ಪವನ್ನು, ನೀರು ಉಪ್ಪೋ ಸಿಹಿಯೋ ಅನ್ನುವುದನ್ನು ಲಾಗ್‌ಬುಕ್ಕಿನಲ್ಲಿ ಬರೆದಿಡಿ.